ಎಂಜಿನ್ ‘ಟರ್ನ್ ಓವರ್’ ಆಯಿತೆಂದರೆ ಸ್ಟಾರ್ಟ್ ಆಯಿತೆಂದು ಅರ್ಥವೇ?

ಎಂಜಿನ್ನಿನ ಮಟ್ಟಿಗೆ ಇಂಗ್ಲಿಷಿನ ‘ಟರ್ನ್ ಓವರ್’ ಎಂಬುದಕ್ಕೆ ‘ಸ್ಟಾರ್ಟ್ ಆಗು, ಓಡುತ್ತಿರು’ ಎಂಬ ಅರ್ಥವನ್ನು ನಿಘಂಟುಗಳು ಕೊಡುವುದುಂಟು. ಆದರೆ ‘ಎಂಜಿನ್ ಟರ್ನ್ ಓವರ್ ಆಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ’ ಎಂಬ ದೂರು ಅದೇ ಭಾಷೆಯಲ್ಲಿ ತೀರ ಸಾಮಾನ್ಯವಾಗಿರುವುದರಿಂದ ಆ ಅರ್ಥ ಎಲ್ಲ ಕಡೆಗೂ ಹೊಂದುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇದರ ಮೂಲಾರ್ಥ ಎಂಜಿನ್ನಿನೊಳಗಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಸುತ್ತುವುದು, ಅಷ್ಟೇ. ಕೀ ತಿರುಗಿಸಿದಾಗ ಸ್ಟಾರ್ಟರ್ ಮೋಟಾರು ಬ್ಯಾಟರಿಯ ಬಲದಿಂದ ಆ ದಂಡದ ತುದಿಯ ಭಾರದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ತಿರುಗಿಸುತ್ತದೆ. ಅದರೊಡನೆ ಕ್ರ್ಯಾಂಕ್‌ಶಾಫ್ಟ್ ಸುತ್ತಿ, ಪಿಸ್ಟನ್‌ಗಳು ಮೇಲೆ ಕೆಳಗೆ ಆಡುತ್ತವೆ. ಇಂಧನ ಹೊತ್ತಿಕೊಂಡು ಎಂಜಿನ್ ತನ್ನ ಬಲದಿಂದಲೇ ಓಡತೊಡಗುವುದು ಅನಂತರದ ಮಾತು, ಅದಕ್ಕೆ ‘ಫೈರ್’, ‘ಕ್ಯಾಚ್’ ಎಂಬ ಬೇರೆ ಪದಗಳಿವೆ. 1912ರ ಕ್ಯಾಡಿಲಾಕ್ ಕಾರಿನೊಂದಿಗೆ ವಿದ್ಯುತ್ ಸ್ಟಾರ್ಟರ್ ಬಳಕೆಗೆ ಬರುವ ಮುನ್ನ, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುತ್ತಿದ್ದವರಿಗೆ ಈ ಎರಡರ ನಡುವಿನ ಅಂತರವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ರಟ್ಟೆಯೇ ಹೇಳುತ್ತಿತ್ತು. ಇಂದಿಗೂ ವಾಲ್ವ್‌ಗಳ ಅಂತರ ಸರಿಪಡಿಸುವಾಗ ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಾರೆ ಸುತ್ತಿಸುವುದಕ್ಕೆ ‘ಟರ್ನ್ ಓವರ್ ಬೈ ಹ್ಯಾಂಡ್’ ಎನ್ನುತ್ತಾರೆ. ಅಲ್ಲಿ ಸ್ಟಾರ್ಟ್ ಮಾಡುವ ಉದ್ದೇಶವೇ ಇರುವುದಿಲ್ಲ.

ಅನುವಾದಕರು ಇಲ್ಲಿ ಎಚ್ಚರ ತಪ್ಪಬಾರದು, ಏಕೆಂದರೆ ದೋಷ ಹುಡುಕುವ ದಾರಿಯೇ ಈ ಪದದ ಮೇಲೆ ನಿಂತಿದೆ. ಎಂಜಿನ್ ಸುತ್ತುವುದೇ ಇಲ್ಲವೆಂದರೆ ಮೊದಲು ನೋಡಬೇಕಾದದ್ದು ಬ್ಯಾಟರಿ, ಅದರ ಟರ್ಮಿನಲ್‌ಗಳು ಮತ್ತು ಸ್ಟಾರ್ಟರ್ ಮೋಟಾರನ್ನು. ಚೆನ್ನಾಗಿ ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಇಂಧನ ಅಥವಾ ಕಿಡಿಯ ಕಡೆಗೆ ಹೋಗಬೇಕು. ಕೈಪಿಡಿಗಳಲ್ಲಿ ‘ಎಂಜಿನ್ ಸುತ್ತುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ’ ಎಂದು ಬರೆದರೆ ಸಾಕು. (‘ಟರ್ನ್ ಓವರ್’ ಎಂಬುದನ್ನು ಪದಶಃ ಅನುವಾದಿಸಿ ‘ಎಂಜಿನ್ ಮಗುಚಿತು’ ಎಂದು ಬರೆದರೆ ಓದುಗರು ವಾಹನವನ್ನು ಎತ್ತಲು ಜನರನ್ನು ಕರೆದಾರು.) ‘ಚಾಲನೆಗೊಳ್ಳು’ ಎಂಬುದು ಎರಡೂ ಹಂತಗಳನ್ನು ಒಂದಾಗಿಸುವುದರಿಂದ ನನಗೆ ಒಪ್ಪಿಗೆಯಿಲ್ಲ.

ಬ್ರಿಟಿಷ್ ಬಳಕೆಯ ‘ಟಿಕ್ ಓವರ್’ ಬೇರೆಯೇ: ಗಾಡಿ ನಿಂತಿದ್ದು ಎಂಜಿನ್ ನಿಧಾನವಾಗಿ ಓಡುತ್ತಿರುವ ಸ್ಥಿತಿ, ಅಂದರೆ ಐಡ್ಲಿಂಗ್. ಆದರೆ ‘ಎಂಜಿನ್ ಮೆಲ್ಲಗೆ ಟರ್ನ್ ಓವರ್ ಆಗುತ್ತಿತ್ತು’ ಎಂದು ಅದೇ ಅರ್ಥದಲ್ಲಿ ಬರೆಯುವವರೂ ಇದ್ದಾರೆ. ಆದ್ದರಿಂದ ಕಥೆಗಳಲ್ಲಿ ಈ ಪದ ಬಂದಾಗ ಮುಂದಿನ ವಾಕ್ಯದಲ್ಲಿ ಗಾಡಿ ಹೊರಟಿತೇ, ಚಾಲಕ ಮತ್ತೆ ಕೀಗೆ ಕೈ ಹಾಕಿದನೇ ಎಂಬುದನ್ನು ನೋಡಿಯೇ ಅರ್ಥವನ್ನು ನಿರ್ಧರಿಸಬೇಕಾಗುತ್ತದೆ.