ಇಪ್ಪತ್ತು ಸೆಕೆಂಡಿನ ದಾವೆ

ಜಪಾನಿನಲ್ಲಿ ಅಕಿಹಬಾರಾದಿಂದ ಸುಕುಬಾಕ್ಕೆ ಓಡುವ ಸುಕುಬಾ ಎಕ್ಸ್‌ಪ್ರೆಸ್ ರೈಲಿನ ವಿಚಾರವನ್ನು ನಮ್ಮ ಭಾನುವಾರದ ಮಂಡಲಿಯ ಮುಂದೆ ತಂದವರು ವಕೀಲರು. ಅವರು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ವಾದಿಸುವ ಚಟಕ್ಕೆ ನಾವೇ ಕೊಟ್ಟ ಬಿರುದು ಅದು.

"2017ರ ನವೆಂಬರ್ 14. ಮಿನಾಮಿ ನಾಗರೆಯಾಮಾ ನಿಲ್ದಾಣದಿಂದ 9 ಗಂಟೆ 44 ನಿಮಿಷ 40 ಸೆಕೆಂಡಿಗೆ ಹೊರಡಬೇಕಿದ್ದ ಗಾಡಿ 20 ಸೆಕೆಂಡ್ ಮೊದಲೇ ಹೊರಟಿತು. ಕಂಪನಿ ಕ್ಷಮೆ ಕೇಳಿ ಹೇಳಿಕೆ ಹೊರಡಿಸಿತು. ದೂರು ಕೊಟ್ಟವರು? ಯಾರೂ ಇಲ್ಲ! ಫಿರ್ಯಾದಿಯೇ ಇಲ್ಲದೆ ಆರೋಪಿ ತಾನಾಗಿ ತಪ್ಪೊಪ್ಪಿಕೊಂಡರೆ ವಕೀಲರ ಹೊಟ್ಟೆಪಾಡೇನು?"

"ಇಪ್ಪತ್ತು ಸೆಕೆಂಡಿನಲ್ಲಿ ನನಗೆ ಕನ್ನಡಕವೂ ಸಿಗುವುದಿಲ್ಲ," ಎಂದರು ರಾಯರು.

"ಅಲ್ಲಿ ಮುಸಾಶಿನೋ ಮಾರ್ಗದಿಂದ ಇಳಿದವರು ನೆಲದಡಿಯ ಪ್ಲಾಟ್‌ಫಾರಂಗೆ ಓಡಿ ಬರುತ್ತಾರೆ," ಎಂದರು ಇಂಜಿನಿಯರು. "ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಚಿನ ಗೇಟು ಮುಚ್ಚಿಕೊಂಡರೆ 20 ಸೆಕೆಂಡಿನ ಬೆಲೆ ತಿಳಿಯುತ್ತದೆ."

"ನಾಲ್ಕು ನಿಮಿಷಕ್ಕೆ ಇನ್ನೊಂದು ಗಾಡಿ ಬಂತಲ್ಲ! ಅದೂ ಹೋಗಲಿ, ಪ್ರಯಾಣಿಕರ ವೇಳಾಪಟ್ಟಿಯಲ್ಲಿ ಸೆಕೆಂಡೇ ಇಲ್ಲ, ಬರೀ 9:44. ಗಾಡಿ ಹೊರಟಿದ್ದೂ 9:44ಕ್ಕೆ. ಸೆಕೆಂಡು ಇರುವುದು ಸಿಬ್ಬಂದಿಯ ಪಟ್ಟಿಯಲ್ಲಿ. ಜನರಿಗೆ ತೋರಿಸದ ಕಾನೂನನ್ನು ಮುರಿದು ಜನರ ಕ್ಷಮೆ ಕೇಳುವುದು ಯಾವ ನ್ಯಾಯ?"

ವಕೀಲರ ಈ ವಾದಕ್ಕೆ ನಾನೂ ತಲೆದೂಗಿದೆ. ಇಂಜಿನಿಯರು ಜಗ್ಗಲಿಲ್ಲ. "ಆ ರೈಲಿನಲ್ಲಿ ಗಾರ್ಡ್ ಇಲ್ಲ, ಚಾಲಕ ಒಬ್ಬನೇ. ಗಂಟೆಗೆ 130 ಕಿ.ಮೀ. ವೇಗ ಹಿಡಿಯುವುದೂ ಹದವಾಗಿ ನಿಲ್ಲಿಸುವುದೂ ಯಂತ್ರದ ಕೆಲಸ. ಮನುಷ್ಯನ ಪಾಲಿಗೆ ಉಳಿದದ್ದು ಬಾಗಿಲು ಮುಚ್ಚಿ, ಗಡಿಯಾರ ನೋಡಿ, ಗುಂಡಿ ಒತ್ತುವುದು. ಅದರಲ್ಲೂ ಎಡವಿದರೆ ಮರ್ಯಾದೆಯ ಪ್ರಶ್ನೆ."

ನನ್ನನ್ನು ಕೇಳಿದರೆ, ಜಗತ್ತೆಲ್ಲ ಬಾಯಿ ಚಪ್ಪರಿಸಿ ಓದಿದ ಈ ಕ್ಷಮಾಪಣೆಗಿಂತ ಆ ಮಾರ್ಗದ ನಿಜವಾದ ವಿಚಿತ್ರ ಮೊರಿಯಾ ನಿಲ್ದಾಣದ ಆಚೆಗಿದೆ. ರಾಯರು ಅದಕ್ಕೆ ದಾರಿ ಮಾಡಿಕೊಟ್ಟರು. "ನನ್ನ ಸಂಕಟ ಕೇಳಿ. ಸುಕುಬಾಕ್ಕೆಂದು ಹತ್ತಿ, ಸೀಟು ಸಿಕ್ಕಿತೆಂದು ನಿದ್ದೆ ಹೋಗುತ್ತೇನೆ. ಕಣ್ಣು ಬಿಟ್ಟರೆ ಮೊರಿಯಾ. ಬೋಗಿ ಖಾಲಿ. ಅರ್ಧ ದಾರಿಯಲ್ಲಿ ಇಳಿಸುವುದೇಕೆ?"

"ಕಾಕಿಯೋಕಾ ಎಂಬಲ್ಲಿ ಭೂಮಿಯ ಕಾಂತತ್ವ ಅಳೆಯುವ ವೀಕ್ಷಣಾಲಯವಿದೆ," ಎಂದರು ಇಂಜಿನಿಯರು. "ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನಲ್ಲಿ ಓಡುವ ರೈಲಿನ ಹಳಿಯಿಂದ ಒಂದಿಷ್ಟು ಪ್ರವಾಹ ನೆಲಕ್ಕೆ ಸೋರಿ ಅವರ ಅಳತೆಯನ್ನು ಕೆಡಿಸುತ್ತದೆ. ಹಾಗಾಗಿ ಮೊರಿಯಾವರೆಗೆ 1,500 ವೋಲ್ಟ್ ಡಿ.ಸಿ., ಅಲ್ಲಿಂದಾಚೆ ದಿಕ್ಕು ಬದಲಿಸುತ್ತ ಹರಿಯುವ 20,000 ವೋಲ್ಟ್ ಎ.ಸಿ. ಎರಡನ್ನೂ ಅರಗಿಸಿಕೊಳ್ಳುವ ಗಾಡಿ ದುಬಾರಿ. ಡಿ.ಸಿ. ಮಾತ್ರ ಬಲ್ಲ ಗಾಡಿಗಳು ಮೊರಿಯಾದಲ್ಲೇ ಹಿಂದಿರುಗುತ್ತವೆ. ನೀವು ಬೋರ್ಡು ನೋಡದೆ ಹತ್ತುವುದು ಅಂಥದ್ದನ್ನೇ."

"ಮುಂದಕ್ಕೆ ಹೋಗುವ ಗಾಡಿ?"

"ಎರಡು ವಿದ್ಯುತ್ತುಗಳ ನಡುವಿನ ತುಂಡು ದಾರಿಯನ್ನು ಏನನ್ನೂ ಎಳೆದುಕೊಳ್ಳದೆ, ಇದ್ದ ಓಟದಲ್ಲೇ ದಾಟುತ್ತದೆ. ಪಕ್ಕದ ಜೋಬಾನ್ ಮಾರ್ಗದಲ್ಲೂ ಇದೇ ಕಟ್ಟಳೆ. ಅಲ್ಲಿನ ಹಳೆಯ ಗಾಡಿಗಳಲ್ಲಿ ಆ ಜಾಗ ಬಂದಾಗ ದೀಪಗಳೇ ಆರುತ್ತಿದ್ದವು."

"ಅಂದರೆ ನನ್ನ ನಿದ್ದೆ ಕೆಡಿಸುತ್ತಿರುವುದು ಒಂದು ಕಾಂತದ ಸೂಜಿ!" ರಾಯರು ನಿಜಕ್ಕೂ ಸಿಟ್ಟಾದರು.

ವಕೀಲರ ಮುಖ ಅರಳಿತು. "ಅಂತೂ ಫಿರ್ಯಾದಿ ಸಿಕ್ಕರು. ವಿಳಾಸ ಹೇಳಿ, ನೋಟಿಸ್ ಕಳಿಸೋಣ."

"ಇಬರಾಕಿ ಪ್ರಾಂತ್ಯ, ಇಶಿಯೋಕಾ ನಗರ, ಕಾಕಿಯೋಕಾ. 1913ರಿಂದ ಅಲ್ಲೇ ಅಳೆಯುತ್ತಿದ್ದಾರೆ. ರೈಲು ಬಂದದ್ದು 2005ರಲ್ಲಿ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ರಾಯರೇ, ಅವರು ಹಳೆಯ ಬಾಡಿಗೆದಾರರು. ನೀವು ಬೋರ್ಡು ನೋಡಿ ಹತ್ತಿ."