ಆಟಗಾರರ ‘ಟ್ರೇಡ್’ಗೆ ‘ಸಾಟಿ’ ಅನ್ನಬಹುದಾ?

ಗೆಳೆಯರಿಗೆಲ್ಲ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಟೊರಾಂಟೊ ಹತ್ತಿರ. ಭಾನುವಾರ ಬೆಳಿಗ್ಗೆ ಇಲ್ಲಿನ ಕೆಲವು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹೋದ ವಾರ, ಇಷ್ಟವಾದ ವಿಷಯದ ಮೇಲೆ ಅರ್ಧ ಪುಟ ಬರೆದು ತನ್ನಿ ಅಂದಿದ್ದೆ. ಹತ್ತು ವರ್ಷದ ಹುಡುಗನೊಬ್ಬ ಐಸ್ ಹಾಕಿ ಬಗ್ಗೆ ಬರೆದು ತಂದ. ಅದರಲ್ಲಿ ಹೀಗಿತ್ತು: “ಎಡ್ಮಂಟನ್ ತಂಡ ಗ್ರೆಟ್ಸ್ಕಿಯನ್ನು ವ್ಯಾಪಾರ ಮಾಡಿತು. ಅದು ಅತಿ ಕೆಟ್ಟ ವ್ಯಾಪಾರ.” ನಿಘಂಟು ನೋಡಿ ಕಷ್ಟಪಟ್ಟು ಬರೆದಿದ್ದ. ‘ವ್ಯಾಪಾರ’ದ ಕೆಳಗೆ ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ಸರಿಯಾದ ಪದ ಬರೆಯಬೇಕಲ್ಲ, ಅಲ್ಲಿ ಕೈ ನಿಂತಿತು.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇಲ್ಲಿ ಬರೀ ‘ಹಾಕಿ’ ಅಂದರೆ ಐಸಿನ ಮೇಲಿನ ಆಟ. ಅಮೆರಿಕ, ಕೆನಡಾ ಎರಡೂ ದೇಶದ ತಂಡಗಳು ಸೇರಿ ಆಡುವ ದೊಡ್ಡ ಲೀಗು ಎನ್‌ಎಚ್‌ಎಲ್. ಅದರಲ್ಲಿ ತಂಡಗಳು ಆಟಗಾರರನ್ನು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತವೆ. ನಿಮ್ಮವನು ನಮಗೆ, ನಮ್ಮವನು ನಿಮಗೆ. ಕರಾರಿನಲ್ಲಿ ಮೊದಲೇ ಬರೆಸಿಕೊಂಡಿರದಿದ್ದರೆ ಆಟಗಾರನನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಒಂದು ತಂಡ, ಸಂಜೆ ಇನ್ನೊಂದು ತಂಡ. ಇದಕ್ಕೇ ಟ್ರೇಡ್ ಅನ್ನುವುದು.

ಹುಡುಗ ಬರೆದ ‘ವ್ಯಾಪಾರ’ ಯಾಕೆ ಸರಿಯಿಲ್ಲ ಅಂತ ನಿಮಗೆ ಗೊತ್ತಾಗಿರುತ್ತದೆ. ‘ಮನುಷ್ಯರ ವ್ಯಾಪಾರ’ ಅಂದ ತಕ್ಷಣ ಮನಸ್ಸು ಕಳ್ಳಸಾಗಣೆ ಕಡೆ ಹೋಗುತ್ತದೆ. ಮುಂದೆ ‘ಕೆಟ್ಟ’ ಸೇರಿದರಂತೂ ಪೊಲೀಸ್ ಕೇಸಿನ ಸುದ್ದಿಯೇ ಆಯಿತು. ‘ವಿನಿಮಯ’ ಅರ್ಥಕ್ಕೆ ಸರಿ, ಆದರೆ ಮಗುವಿನ ಬಾಯಿಗೆ ಬರುವುದಿಲ್ಲ. ‘ಬದಲಿ’ ಅಂದರೆ ಆಟದ ಮಧ್ಯೆ ಒಳಗೆ ಬರುವ ಬದಲಿ ಆಟಗಾರ ಆಗಿಬಿಡುತ್ತಾನೆ. ‘ಅದಲು ಬದಲು’ ಚೆನ್ನಾಗಿದೆ, ಆದರೆ ಚಪ್ಪಲಿ ಅದಲು ಬದಲಾದ ಹಾಗೆ ಕೇಳುತ್ತದೆ. ಗೊತ್ತಿಲ್ಲದೆ ಆದದ್ದು ಅನ್ನುವ ವಾಸನೆ ಅದಕ್ಕಿದೆ. ಟ್ರೇಡ್ ಹಾಗಲ್ಲ. ಗಂಟೆಗಟ್ಟಲೆ ಚೌಕಾಶಿ ಮಾಡಿ ಮಾಡುವ ಕೆಲಸ ಅದು.

‘ವರ್ಗಾವಣೆ’ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದೆ. ನಮ್ಮ ಶಾಲಾ ಶಿಕ್ಷಕರಲ್ಲಿ ‘ಪರಸ್ಪರ ವರ್ಗಾವಣೆ’ ಅಂತ ಇದೆ. ಇಬ್ಬರು ಮೇಷ್ಟ್ರು ಒಪ್ಪಿಕೊಂಡು ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವುದು. ಆಕಾರದಲ್ಲಿ ಟ್ರೇಡ್‌ಗೆ ಇದು ಬಹಳ ಹತ್ತಿರ. ಆದರೆ ಅಲ್ಲಿ ಅರ್ಜಿ ಹಾಕುವವರು ಮೇಷ್ಟ್ರುಗಳೇ. ಹಾಕಿಯಲ್ಲಿ ಅರ್ಜಿಯೂ ಇಲ್ಲ, ಒಪ್ಪಿಗೆಯೂ ಇಲ್ಲ. ಅಲ್ಲದೆ ಮೇಷ್ಟ್ರು ಯಾವ ಊರಿಗೆ ಹೋದರೂ ಇಲಾಖೆ ಒಂದೇ. ಇಲ್ಲಿ ಎದುರಾಳಿಯ ಮನೆಗೇ ಕಳಿಸುತ್ತಾರೆ.

ಆಗ ನೆನಪಾದದ್ದು ಅಜ್ಜಿಯ ಮಾತು. ನಮ್ಮದು ಗದಗದ ಕಡೆ ಹಳ್ಳಿ. ಉಳ್ಳಾಗಡ್ಡಿ ಮಾರುವ ಹೆಂಗಸು ಬುಟ್ಟಿ ಹೊತ್ತು ಬರುತ್ತಿದ್ದಳು. ಅಜ್ಜಿ ದುಡ್ಡು ಕೊಡುತ್ತಿರಲಿಲ್ಲ, ಜೋಳ ಕೊಡುತ್ತಿದ್ದಳು. ಸೇರಿನ ತುಂಬ ಜೋಳ ತುಂಬಿ, ಅಂಗೈಯಿಂದ ಬಾಯಿ ಸವರಿ ಅವಳ ಸೆರಗಿಗೆ ಸುರಿಯುವಳು. ಆಕೆ ಅದೇ ಸೇರಿನಲ್ಲಿ ಉಳ್ಳಾಗಡ್ಡಿ ತುಂಬುವಳು. ಉಳ್ಳಾಗಡ್ಡಿ ದುಂಡಗಿರುತ್ತದಲ್ಲ, ನಡುವೆ ಸಂದಿ ಉಳಿಯುತ್ತದೆ. ಅಜ್ಜಿ ಬಿಡುತ್ತಿರಲಿಲ್ಲ. ಸೇರಿನ ಬಾಯಿ ಮೇಲೆ ಇನ್ನೂ ನಾಲ್ಕು ಗಡ್ಡೆ ಇಡಿಸುವಳು. “ಸಾಟಿ ಅಂದ್ಮ್ಯಾಲ ಸಾಟಿ ಆಗ್ಬೇಕವಾ” ಅನ್ನುತ್ತಿದ್ದಳು.

ಆ ಒಂದೇ ಮಾತಿನಲ್ಲಿ ಸಾಟಿ ಎರಡು ಸಲ ಬಂತು, ಎರಡು ಅರ್ಥದಲ್ಲಿ ಬಂತು. ಮೊದಲನೆಯದು ಒಂದು ಕೊಟ್ಟು ಇನ್ನೊಂದು ತಗೊಳ್ಳುವುದು. ಎರಡನೆಯದು ಸಮ. ಮೊದಲನೆಯ ಅರ್ಥ ‘ಸಾಟಿ ವ್ಯಾಪಾರ’ ಅನ್ನುವಲ್ಲಿ ಉಳಿದಿದೆ. ಎರಡನೆಯದು ಎಲ್ಲರಿಗೂ ಗೊತ್ತು, ‘ಅವನಿಗೆ ಸಾಟಿಯಿಲ್ಲ’ ಅನ್ನುತ್ತೇವಲ್ಲ. ಟ್ರೇಡ್‌ಗೆ ಇದಕ್ಕಿಂತ ಒಳ್ಳೆಯ ಪದ ನನಗಂತೂ ಕಾಣಲಿಲ್ಲ. ಕೊಟ್ಟದ್ದೂ ಬಂದದ್ದೂ ಸಮ ಇರಬೇಕು ಅನ್ನುವುದು ಪದದ ಹೊಟ್ಟೆಯಲ್ಲೇ ಇದೆ. ಸಮ ಆಗದೆ ಹೋದಾಗಲೇ ಅದು ಕೆಟ್ಟ ಟ್ರೇಡ್.

ನಿಜವಾದ ಟ್ರೇಡ್‌ಗಳ ಮೇಲೆ ಇಟ್ಟು ನೋಡಿದೆ.

1996ರ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್ ತಂಡ ಮಾರ್ಕಸ್ ನಾಸ್ಲಂಡ್ ಅವರನ್ನು ವ್ಯಾಂಕೂವರ್‌ಗೆ ಸಾಟಿಗೆ ಕೊಟ್ಟಿತು. ಬದಲಿಗೆ ಅಲೆಕ್ ಸ್ಟೊಯಾನೊವ್ ಬಂದರು. ನಾಸ್ಲಂಡ್ ಎನ್‌ಎಚ್‌ಎಲ್‌ನಲ್ಲಿ ಹೊಡೆದದ್ದು 395 ಗೋಲು. ಸ್ಟೊಯಾನೊವ್ 107 ಪಂದ್ಯ ಆಡಿ 2 ಗೋಲು. ‘ಸಾಟಿಗೆ ಕೊಟ್ಟಿತು’ ಸಲೀಸಾಗಿ ಕೂತಿತು. ‘ನಾಸ್ಲಂಡ್ ಸಾಟಿಗೆ ಹೋದರು’ ಅಂತಲೂ ಹೇಳಬಹುದು. ಆದರೆ ಪತ್ರಿಕೆಯ ಶೀರ್ಷಿಕೆಯ ಹಾಗೆ ‘ನಾಸ್ಲಂಡ್‌ಗೆ ಸಾಟಿ ಸ್ಟೊಯಾನೊವ್’ ಅಂತ ಬರೆದರೆ ಅರ್ಥ ಉಲ್ಟಾ! ಇಬ್ಬರೂ ಸಮ ಅಂತ ಓದಿಕೊಳ್ಳುತ್ತಾರೆ. ಇದು ನನ್ನ ಮೊದಲ ತೊಡಕು. ವಿಭಕ್ತಿ ಬದಲಾಯಿಸಿದರೆ ಸರಿಹೋಗುತ್ತದಾ? ‘ನಾಸ್ಲಂಡ್ ಸಾಟಿಗೆ ಸ್ಟೊಯಾನೊವ್’ ಅಂದರೆ ನನ್ನ ಕಿವಿಗೆ ಅಜ್ಜಿಯ ಬಳಕೆಯೇ ಕೇಳುತ್ತದೆ. ನಿಮ್ಮ ಕಿವಿಗೆ?

ಇನ್ನು ‘ಕೆಟ್ಟ’ ಅನ್ನುವ ಪದ. ಇದರಲ್ಲಿ ಕನ್ನಡಕ್ಕೊಂದು ಅನುಕೂಲ ಇದೆ ಅಂತ ಬರೆಯುತ್ತ ಬರೆಯುತ್ತ ಗೊತ್ತಾಯಿತು. ಕೆಟ್ಟ ಹಾಲು ಬೇರೆ, ಕೆಟ್ಟುಹೋದ ಹಾಲು ಬೇರೆ ಅಲ್ವಾ? ಟ್ರೇಡ್‌ನಲ್ಲೂ ಹಾಗೆಯೇ.

1986ರ ಜೂನ್ 6. ಕ್ಯಾಮ್ ನೀಲಿ ಅವರಿಗೆ ಅವತ್ತು 21 ತುಂಬಿತು. ಅವತ್ತೇ ವ್ಯಾಂಕೂವರ್ ತಂಡ ಅವರನ್ನು ಬಾಸ್ಟನ್‌ಗೆ ಕೊಟ್ಟು ಬ್ಯಾರಿ ಪೆಡರ್ಸನ್ ಅವರನ್ನು ತಂದಿತು. ಈಗ ಎಲ್ಲರೂ ಇದನ್ನು ಅತಿ ಕೆಟ್ಟ ಟ್ರೇಡ್‌ಗಳ ಸಾಲಿನಲ್ಲಿ ಇಡುತ್ತಾರೆ. ಆದರೆ ಅವತ್ತಿನ ಲೆಕ್ಕ ನೋಡಿ. ನೀಲಿ ಹಿಂದಿನ ಸೀಸನ್ನಿನಲ್ಲಿ ಹೊಡೆದದ್ದು 14 ಗೋಲು. ಪೆಡರ್ಸನ್ ಅದಕ್ಕೂ ಮುಂಚೆ ಸತತ ಎರಡು ಸೀಸನ್ 100 ಅಂಕ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ದಾಟಿದ್ದವರು. ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು, ಮತ್ತೆ ಮೊದಲಿನ ಹಾಗೆ ಆಡುತ್ತಾರೆ ಅಂತ ನಂಬಿಕೊಂಡರು. ಹಾಗಾಗಲಿಲ್ಲ. ನೀಲಿ ಮೊದಲ ವರ್ಷವೇ 36 ಗೋಲು ಹೊಡೆದರು, ಆಮೇಲೆ ಮೂರು ಸೀಸನ್ 50 ಮುಟ್ಟಿದರು. ಸಾಲದ್ದಕ್ಕೆ ವ್ಯಾಂಕೂವರ್ ಮುಂದಿನ ವರ್ಷ ಹೊಸ ಹುಡುಗರನ್ನು ಆರಿಸುವಾಗ ತನಗಿದ್ದ ಮೊದಲ ಸುತ್ತಿನ ಆಯ್ಕೆಯನ್ನೂ ಬಾಸ್ಟನ್‌ಗೆ ಕೊಟ್ಟಿತ್ತು. ಅದರಲ್ಲಿ ಬಾಸ್ಟನ್ ಆರಿಸಿದ್ದು ಗ್ಲೆನ್ ವೆಸ್ಲಿ ಅವರನ್ನು. ಆನೆಯ ಜೊತೆ ಅಂಕುಶವನ್ನೂ ಕೊಟ್ಟು ಕಳಿಸಿದ ಹಾಗಾಯಿತು. ಆದರೂ ಇದು ಮಾಡಿದ ದಿನವೇ ಕೆಟ್ಟದ್ದಲ್ಲ, ಆಮೇಲೆ ಕೆಟ್ಟುಹೋದದ್ದು. ನಾನಾದರೆ ಇದನ್ನು ‘ಕೆಟ್ಟುಹೋದ ಸಾಟಿ’ ಅನ್ನುತ್ತೇನೆ.

ಮಾಂಟ್ರಿಯಲ್ ತಂಡ ಪ್ಯಾಟ್ರಿಕ್ ರುವಾ ಅವರನ್ನು ಕಳೆದುಕೊಂಡದ್ದು ಹಾಗಲ್ಲ. 1995ರ ಡಿಸೆಂಬರ್ 2ರಂದು ಡೆಟ್ರಾಯ್ಟ್ ವಿರುದ್ಧ ಸ್ವಂತ ಊರಿನಲ್ಲೇ 11–1ರಲ್ಲಿ ಸೋತರು. ಗೋಲ್‌ಕೀಪರ್ ರುವಾ 9 ಗೋಲು ಬಿಟ್ಟುಕೊಡುವ ತನಕ ಕೋಚು ಅವರನ್ನು ಹೊರಗೆ ಕರೆಯಲಿಲ್ಲ. ಹೊರಗೆ ಬಂದವರೇ ರುವಾ ತಂಡದ ಅಧ್ಯಕ್ಷರ ಹತ್ತಿರ ಹೋಗಿ, ಮಾಂಟ್ರಿಯಲ್‌ಗೆ ಇದೇ ನನ್ನ ಕೊನೆಯ ಪಂದ್ಯ ಅಂದುಬಿಟ್ಟರು. ನಾಲ್ಕೇ ದಿನದಲ್ಲಿ ಅವರನ್ನೂ ನಾಯಕ ಮೈಕ್ ಕೀನ್ ಅವರನ್ನೂ ಕೊಲೊರಾಡೊಗೆ ಕೊಟ್ಟು ಮೂವರನ್ನು ತಂದರು. ಆ ಮುಂದಿನ ಜೂನ್‌ನಲ್ಲೇ ಕೊಲೊರಾಡೊ ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಚಾಂಪಿಯನ್ನರ ಕಪ್ ಗೆದ್ದಿತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡದ್ದು ಇದು. ಮಾಡುವಾಗಲೇ ಕೆಟ್ಟದ್ದು.

ನಡುವೆ ಇನ್ನೊಂದು ಪದ ಬಂತು ನೋಡಿ, ಈ ಆಯ್ಕೆ. ಹೊಸ ಹುಡುಗರನ್ನು ತಂಡಗಳು ಪ್ರತಿ ವರ್ಷ ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಆ ಸರದಿಯನ್ನೇ ಕೊಡುವುದು, ತಗೊಳ್ಳುವುದೂ ಉಂಟು. ‘ಆಯ್ಕೆ’ಗಿಂತ ‘ಸರದಿ’ಯೇ ಇಲ್ಲಿ ಸರಿಯಾದ ಪದ ಅಂತ ನನಗೆ ಅನಿಸುತ್ತದೆ. ಕೈ ಬದಲಾಗುವುದು ಹುಡುಗ ಅಲ್ಲ. ಆ ಹುಡುಗ ಯಾರು ಅಂತಲೇ ಇನ್ನೂ ಗೊತ್ತಿರುವುದಿಲ್ಲ. ಕಾಲುವೆ ನೀರಿನ ನನ್ನ ಪಾಳಿ ನೀನು ತಗೋ, ಮುಂದಿನ ಬೆಳೆಗೆ ನಿನ್ನ ಪಾಳಿ ನನಗಿರಲಿ ಅಂದ ಹಾಗೆ. 1970ರ ಮೇ ತಿಂಗಳಲ್ಲಿ ಮಾಂಟ್ರಿಯಲ್ ತಂಡದ ಮ್ಯಾನೇಜರ್ ಸ್ಯಾಮ್ ಪೊಲಾಕ್ ಹೀಗೇ ಮಾಡಿದರು. ಓಕ್‌ಲ್ಯಾಂಡಿನ ಸೀಲ್ಸ್ ತಂಡದಿಂದ 1971ರ ಮೊದಲ ಸುತ್ತಿನ ಸರದಿಯನ್ನು ಬರೆಸಿಕೊಂಡರು. ಆಗ ಕೊನೆಯ ಸ್ಥಾನದ ತಂಡಕ್ಕೇ ಎಲ್ಲರಿಗಿಂತ ಮೊದಲು ಆರಿಸುವ ಅವಕಾಶ, ಹಾಗಾಗಿ ಸೀಲ್ಸ್ ಕೊನೆಯ ಸ್ಥಾನಕ್ಕೆ ಬಿದ್ದರೆ ಮಾತ್ರ ಆ ಸರದಿಗೆ ಪೂರ್ತಿ ಬೆಲೆ. ಆದರೆ ಆ ಸೀಸನ್ನಿನಲ್ಲಿ ಲಾಸ್ ಏಂಜಲೀಸ್ ತಂಡ ಅವರಿಗಿಂತ ಕೆಟ್ಟದಾಗಿ ಆಡುತ್ತಿತ್ತು. ಪೊಲಾಕ್ ತಮ್ಮ ಹಳೆಯ ಆಟಗಾರ ರಾಲ್ಫ್ ಬ್ಯಾಕ್‌ಸ್ಟ್ರಾಮ್ ಅವರನ್ನು ಲಾಸ್ ಏಂಜಲೀಸ್‌ಗೆ ಕೊಟ್ಟರು. ಆ ತಂಡ ಸುಧಾರಿಸಿತು, ಸೀಲ್ಸ್ ಕೊನೆಗೆ ಬಿತ್ತು. ಬ್ಯಾಕ್‌ಸ್ಟ್ರಾಮ್ ಅವರನ್ನು ಕೊಟ್ಟದ್ದೇ ಇದಕ್ಕೆ ಅಂತ ಹಾಕಿ ಬಲ್ಲವರು ಇವತ್ತಿಗೂ ಹೇಳುತ್ತಾರೆ. ಆ ಸರದಿಯಲ್ಲಿ ಮಾಂಟ್ರಿಯಲ್‌ಗೆ ಸಿಕ್ಕವರು ಗೀ ಲಾಫ್ಲರ್. ಆ ತಂಡಕ್ಕೆ ಅವರು ಐದು ಸ್ಟ್ಯಾನ್ಲಿ ಕಪ್ ಗೆಲ್ಲಿಸಿಕೊಟ್ಟರು.

‘ಸರದಿ’ಯೋ ‘ಪಾಳಿ’ಯೋ? ನನ್ನ ಬಾಯಿಗೆ ಪಾಳಿ ಹತ್ತಿರ, ಆದರೆ ಬೆಂಗಳೂರಿನವರಿಗೆ ಪಾಳಿ ಅಂದರೆ ಕಾರ್ಖಾನೆಯ ಪಾಳಿ ಮಾತ್ರ ಅಂತ ಕೇಳಿದ್ದೇನೆ.

ಈಗ ಹುಡುಗ ಬರೆದ ಗ್ರೆಟ್ಸ್ಕಿಗೆ ಬರೋಣ. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಇದೇ.

1988ರ ಆಗಸ್ಟ್ 9. ಎಡ್ಮಂಟನ್ ಆಯಿಲರ್ಸ್ ಆಗಷ್ಟೇ ಐದು ವರ್ಷದಲ್ಲಿ ನಾಲ್ಕನೇ ಕಪ್ ಗೆದ್ದಿತ್ತು. ಹಾಕಿಯ ಅತಿ ದೊಡ್ಡ ಆಟಗಾರ ಅನ್ನಿಸಿಕೊಂಡ ವೇಯ್ನ್ ಗ್ರೆಟ್ಸ್ಕಿ ಮದುವೆಯಾಗಿ ಒಂದು ತಿಂಗಳೂ ತುಂಬಿರಲಿಲ್ಲ. ಅವರನ್ನೂ ಇನ್ನಿಬ್ಬರನ್ನೂ ಲಾಸ್ ಏಂಜಲೀಸ್‌ಗೆ ಕೊಟ್ಟರು. ಬಂದದ್ದು ಜಿಮ್ಮಿ ಕಾರ್ಸನ್, ಮಾರ್ಟಿನ್ ಜೆಲಿನಾ, ಮೂರು ಮೊದಲ ಸುತ್ತಿನ ಸರದಿ, ಜೊತೆಗೆ 1.5 ಕೋಟಿ ಡಾಲರ್. ಪತ್ರಕರ್ತರ ಮುಂದೆ ಕೂತ ಗ್ರೆಟ್ಸ್ಕಿ ಮಾತು ಮುಗಿಸಲಾಗದೆ ಕಣ್ಣೊರೆಸಿಕೊಂಡರು. ಇದನ್ನು ಸರಕಾರ ತಡೆಯಬೇಕು ಅಂತ ಕೆನಡಾದ ಸಂಸದ ನೆಲ್ಸನ್ ರೀಸ್ ಒತ್ತಾಯಿಸಿದರು. ಅಭಿಮಾನಿಗಳು ತಂಡದ ಮಾಲೀಕ ಪೀಟರ್ ಪಾಕ್ಲಿಂಗ್ಟನ್ ಅವರ ಪ್ರತಿಕೃತಿ ಸುಟ್ಟರು.

ಇದು ಸಾಟಿಯಾ, ಮಾರಾಟವಾ? ಇಂಗ್ಲಿಷಿನಲ್ಲಿ ಎರಡಕ್ಕೂ ಟ್ರೇಡ್ ಅಂದುಬಿಡುತ್ತಾರೆ. ನಮ್ಮ ಐಪಿಎಲ್‌ನಲ್ಲೂ ಅದೇ. 2009ರಲ್ಲಿ ನಮ್ಮ ರಾಬಿನ್ ಉತ್ತಪ್ಪ ಮುಂಬೈಯಿಂದ ಬೆಂಗಳೂರಿಗೆ ಬಂದರು, ಜಹೀರ್ ಖಾನ್ ಮುಂಬೈಗೆ ಹೋದರು. ಅದು ಅಚ್ಚುಕಟ್ಟಾದ ಸಾಟಿ. 2023ರ ಕೊನೆಗೆ ಆರ್‌ಸಿಬಿ 17.5 ಕೋಟಿ ರೂಪಾಯಿಗೆ ಕ್ಯಾಮರಾನ್ ಗ್ರೀನ್ ಅವರನ್ನು ಮುಂಬೈಯಿಂದ ತಂದಿತು. ಈ ಕಡೆಯಿಂದ ಒಬ್ಬ ಆಟಗಾರನೂ ಹೋಗಲಿಲ್ಲ. ಅದು ಖರೀದಿ. ಎರಡಕ್ಕೂ ಒಂದೇ ಪದ ಯಾಕೆ ಬೇಕು? ಕನ್ನಡದಲ್ಲಿ ಬೇರೆ ಬೇರೆ ಹೇಳುವ ಸೌಕರ್ಯ ಇರುವಾಗ ಅದನ್ನು ಕಳೆದುಕೊಳ್ಳಬಾರದು ಅಂತ ನನ್ನ ಅಭಿಪ್ರಾಯ. ಗ್ರೆಟ್ಸ್ಕಿ ವಿಷಯದಲ್ಲಿ ಕಾರ್ಸನ್ ಏನೂ ಕಡಿಮೆಯವರಲ್ಲ, ಹಿಂದಿನ ಸೀಸನ್ನಿನಲ್ಲಿ 55 ಗೋಲು ಹೊಡೆದಿದ್ದ ಹುಡುಗ. ಆಯಿಲರ್ಸ್ 1990ರಲ್ಲಿ ಗ್ರೆಟ್ಸ್ಕಿ ಇಲ್ಲದೆಯೂ ಕಪ್ ಗೆದ್ದಿತು. ಆಟದ ಲೆಕ್ಕದಲ್ಲಿ ಅತಿ ಕೆಟ್ಟದ್ದು ಅನ್ನಲು ನನಗೆ ಮನಸ್ಸಿಲ್ಲ. ಊರಿನವರಿಗೆ ಉರಿದದ್ದು ಆ 1.5 ಕೋಟಿ. ನಮ್ಮವನನ್ನು ಮಾರಿಬಿಟ್ಟರು ಅನ್ನುವ ನೋವು. ಅದಕ್ಕೇ ಇಲ್ಲಿ ‘ಮಾರಾಟ’ ಅನ್ನುವ ಪದ ಎಡ್ಮಂಟನ್‌ನವರ ಮನಸ್ಸಿಗೆ ಹತ್ತಿರ. ಹುಡುಗನ ‘ವ್ಯಾಪಾರ’ ಕೂಡ ಪೂರ್ತಿ ತಪ್ಪಲ್ಲ ಅಂತ ಈಗ ಅನಿಸುತ್ತಿದೆ.

ಪೂರ್ತಿ ಸಾಟಿಯ ಉದಾಹರಣೆ ಬೇಕಿದ್ದರೆ 1983ರದ್ದು ಇದೆ. ಎನ್‌ಎಚ್‌ಎಲ್ ಅಲ್ಲ, ಕಿರಿಯರ ಲೀಗು. ವಿಕ್ಟೋರಿಯಾ ತಂಡದ ಬಸ್ಸೊಂದು ಗಡಿಯಾಚೆ ಅಮೆರಿಕದಲ್ಲಿ ನಿಂತಿತ್ತು, ಸುಂಕ ಕಟ್ಟಿ ತರಲು ಅವರಿಗೆ ಇಷ್ಟವಿರಲಿಲ್ಲ. ಆ ಬಸ್ಸನ್ನು ಸಿಯಾಟಲ್ ತಂಡಕ್ಕೆ ಕೊಟ್ಟು ಟಾಮ್ ಮಾರ್ಟಿನ್ ಅನ್ನುವ ಆಟಗಾರನನ್ನು ತಮ್ಮವನನ್ನಾಗಿ ಮಾಡಿಕೊಂಡರು. ನಮ್ಮಜ್ಜಿ ಇದ್ದಿದ್ದರೆ ಇದಕ್ಕೆ ಹಿಂದೆಮುಂದೆ ನೋಡದೆ ಸಾಟಿ ಅನ್ನುತ್ತಿದ್ದಳು.

ಒಂದು ಆಕ್ಷೇಪ ನಮ್ಮ ಮನೆಯಲ್ಲೇ ಬಂತು. ನನ್ನ ಹೆಂಡತಿ ಬೆಳಗಾವಿಯವಳು. ಅವಳಿಗೆ ಸಾಟಿ ಅಂದರೆ ಮೊದಲು ನೆನಪಾಗುವುದು ಸಾಟಿ ಮದುವೆ. ಆ ಮನೆಯ ಹೆಣ್ಣು ಈ ಮನೆಗೆ, ಈ ಮನೆಯ ಹೆಣ್ಣು ಆ ಮನೆಗೆ. ಮರಾಠಿಯಲ್ಲಿ ಸಾಟೆಲೋಟೆ ಅನ್ನುತ್ತಾರಂತೆ. “ಅಲ್ಲಿ ಹುಡುಗಿಯನ್ನ ಯಾರೂ ಕೇಳೂದಿಲ್ಲ. ಆ ಪದ ಮಕ್ಕಳಿಗೆ ಯಾಕ ಕಲಸ್ತೀರಿ?” ಅಂದಳು. ಬಹಳ ಹೊತ್ತು ಸುಮ್ನೆ ಕೂತೆ. ಅವಳ ಮಾತು ನಿಜ. ಆದರೆ ಹಾಕಿಯಲ್ಲಿ ಆಟಗಾರನನ್ನೂ ಯಾರೂ ಕೇಳುವುದಿಲ್ಲವಲ್ಲ. ನೀಲಿ ಅವರ ಹುಟ್ಟುಹಬ್ಬದ ದಿನ ಅವರನ್ನು ಯಾರು ಕೇಳಿದರು? ಆ ನೋವು ಪದದಲ್ಲೇ ಉಳಿದರೆ ಒಳ್ಳೆಯದೇ ಅಂತ ನನ್ನ ವಾದ. ಅವಳು ಇನ್ನೂ ಒಪ್ಪಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ಕೊಟ್ಟು ತಗೊಳ್ಳುವ ಅರ್ಥದಲ್ಲಿ ‘ಸಾಟಿ’ ಮೈಸೂರು, ಮಂಡ್ಯ, ಮಂಗಳೂರು ಕಡೆ ಮಾತಿನಲ್ಲಿ ಇದೆಯಾ? ಅಥವಾ ಪಾಠಪುಸ್ತಕದಲ್ಲಿ ಮಾತ್ರವಾ? ಇದ್ದರೆ ‘ಸಾಟಿಗೆ ಕೊಡು’ ಅನ್ನುತ್ತೀರಾ, ‘ಸಾಟಿ ಮಾಡು’ ಅನ್ನುತ್ತೀರಾ? ಕರಾವಳಿಯಲ್ಲಿ ಮೀನಿಗೆ ಅಕ್ಕಿ ಕೊಡುತ್ತಿದ್ದ ಕಾಲದ ಪದ ಯಾರಿಗಾದರೂ ನೆನಪಿದ್ದರೆ ಅದನ್ನೂ ತಿಳಿಸಿ. ಗೋಲಿಯನ್ನೋ ಬೆಂಕಿಪೊಟ್ಟಣದ ಚಿತ್ರವನ್ನೋ ಬದಲಾಯಿಸಿಕೊಳ್ಳುವಾಗ ಮಕ್ಕಳಾಗಿ ನೀವು ಏನು ಅನ್ನುತ್ತಿದ್ದಿರಿ ಅಂತಲೂ ಬರೆಯಿರಿ. ಬಹುಶಃ ನನಗೆ ಬೇಕಾದ ಪದ ಅಲ್ಲೇ ಇರಬಹುದು.

ಹುಡುಗನ ನೋಟ್‌ಬುಕ್ಕು ಇನ್ನೂ ನನ್ನ ಮೇಜಿನ ಮೇಲಿದೆ. ಕೆಂಪು ಗೆರೆಯ ಪಕ್ಕ ಜಾಗ ಖಾಲಿ ಬಿಟ್ಟಿದ್ದೇನೆ. ಭಾನುವಾರ ಅದನ್ನು ವಾಪಸ್ ಕೊಡಬೇಕು.