ಬಿಸಿ ಏರಿದ ಮೇಲೆ ನಿಂತುಹೋಗುವ ಪ್ರೀಮಿಯರ್ ಪದ್ಮಿನಿ: ಕರೆಂಟಾ, ಪೆಟ್ರೋಲಾ?

ಸಕ್ಕರೆನಾಡು, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಅಪ್ಪ ತಗೊಂಡಿದ್ದ 1986ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಪೆಟ್ರೋಲ್ ಎಂಜಿನ್, ಹ್ಯಾಂಡ್ ಗೇರ್, ಸೋಲೆಕ್ಸ್ ಕಾರ್ಬುರೇಟರ್, ಪಾಯಿಂಟ್ ಸೆಟ್ ಇಗ್ನಿಷನ್ (ಕಿಡಿಯ ಕರೆಂಟನ್ನ ಪಾಯಿಂಟ್ ಸ್ವಿಚ್ಚಿನ ಥರ ತೆರೆದು ಮುಚ್ಚೋ ಹಳೇ ಪದ್ಧತಿ). ಯಾವುದನ್ನೂ ಬದಲಾಯಿಸಿಲ್ಲ. ಮನೆ ಪಕ್ಕದ ಶೆಡ್ಡಲ್ಲಿ ನಾನೇ ಕೆಲಸ ಮಾಡ್ಕೋತೀನಿ.

ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್ ಆಗ್ತದೆ. ಊರೊಳಗೆ ಓಡಾಡೋಕೆ ಏನೂ ತಕರಾರಿಲ್ಲ. ಮೈಸೂರಿಗೆ ಹೊರಟರೆ ಮಾತ್ರ ಶ್ರೀರಂಗಪಟ್ಟಣದ ಹತ್ತತ್ರ ಬರೋ ಹೊತ್ತಿಗೆ ಎಳೆತ ಕಮ್ಮಿ ಆಗಿ, ಜರ್ಕ್ ಹೊಡೆದು, ನಿಂತೋಗ್ತದೆ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗ್ತದೆ. ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿದರೆ ಇನ್ನೂ ಬೇಗ. ಚಾಮುಂಡಿ ಬೆಟ್ಟ ಹತ್ತುವಾಗಲೂ ಹೀಗೇ ಆಯ್ತು. ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಮೇಲೆ ಹೋಗಲ್ಲ, ರೇಡಿಯೇಟರ್ ಸರಿ ಇದೆ.

ಒಬ್ಬ ಮೆಕ್ಯಾನಿಕ್, ಕಿಡಿಗೆ ವೋಲ್ಟೇಜ್ ಏರಿಸೋ ಕಾಯಿಲ್ ಹೋಗಿದೆ ಅಂದರು. ಕಾಯಿಲ್, ಪಾಯಿಂಟ್ ಸುಡದಂತೆ ಕಾಯೋ ಕಂಡೆನ್ಸರ್, ಪಾಯಿಂಟ್ ಮೂರೂ ಹೊಸದು ಬಿತ್ತು, ರೋಗ ಹೋಗಲಿಲ್ಲ. ಇನ್ನೊಬ್ಬರು ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟೋದು), ಎಲೆಕ್ಟ್ರಿಕ್ ಪಂಪ್ ಹಾಕಿಸಿ ಅಂತಾರೆ. ಹಾಕಿಸಲೇ? ಗೊತ್ತಿರೋರು ದಯವಿಟ್ಟು ಹೇಳಿ. ಈ ಗಾಡಿ ಮಾರೋ ಮಾತೇ ಇಲ್ಲ.

ಹಳೇಗಾಡಿ, ಕುವೆಂಪುನಗರ:

ಸದ್ಯಕ್ಕೆ ಇನ್ನೊಂದು ಪಾರ್ಟ್‌ಗೂ ದುಡ್ಡು ಹಾಕಬೇಡಿ. ಗಾಡಿ ನಿಂತಾಗ, ನಿಂತ ಜಾಗದಲ್ಲೇ, ಬಿಸಿ ಆರೋದಕ್ಕೆ ಮುಂಚೆ ಪರೀಕ್ಷೆ ಮಾಡಿ. ಶೆಡ್ಡಿಗೆ ತಂದ ಮೇಲೆ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತೆ. ಹೀಗೆ ಬಿಸಿಗೆ ನಿಲ್ಲೋ ಗಾಡಿಗಳಲ್ಲಿ ಜನ ಅರ್ಧ ಎಂಜಿನ್ ಬದಲಾಯಿಸೋದು ಇದೇ ಕಾರಣಕ್ಕೆ.

ಮೊದಲು ಕರೆಂಟ್. ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ಕಾಯಿಲ್ ವೈರ್ ಕಿತ್ತು, ಹಿಡಿಗೆ ಪ್ಲಾಸ್ಟಿಕ್ ಇರೋ ಇಕ್ಕಳದಲ್ಲಿ ಹಿಡಿದು, ತುದಿಯನ್ನ ಬ್ಲಾಕಿನಿಂದ ಐದಾರು ಮಿ.ಮೀ. ದೂರ ಇಡಿ. ಇನ್ನೊಬ್ಬರು ಸೆಲ್ಫ್ ಹೊಡೀಲಿ. ಚಟ್ ಚಟ್ ಅಂತ ನೀಲಿ ಕಿಡಿ ಹಾರಿದರೆ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಮೂರರ ಮೇಲೂ ಅನುಮಾನ ಬಿಡಿ. ಹಳದಿ, ಸೊರಗಿದ ಕಿಡಿ, ಇಲ್ಲಾ ಕಿಡಿನೇ ಇಲ್ಲ ಅಂದರೆ ಅಲ್ಲೇ ನಿಲ್ಲಿ, ಪೆಟ್ರೋಲ್ ಕಡೆ ಹೋಗಬೇಡಿ.

ಕಿಡಿ ನೋಡಿ ಮುಗಿದ ಮೇಲಷ್ಟೇ ಪೆಟ್ರೋಲ್ ಪೈಪ್ ಬಿಚ್ಚಬೇಕು. ಈ ಕ್ರಮ ತಪ್ಪಿದರೆ ಬೆಂಕಿ. ಕಾಯಿಲಿನ ಸಣ್ಣ ವೈರನ್ನೂ ಕಳಚಿಡಿ. ಕಾರ್ಬುರೇಟರಿಗೆ ಹೋಗೋ ಪೈಪ್ ತೆಗೆದು ಬಾಟಲಿಯೊಳಗೆ ಇಳಿಸಿ, ಸೆಲ್ಫ್ ಹೊಡೆಸಿ. ಪಂಪ್ ಸರಿ ಇದ್ದರೆ ಪ್ರತಿ ಬಡಿತಕ್ಕೂ ತುಂಬು ಧಾರೆ ಚಿಮ್ಮಬೇಕು. ಬುಸ್ ಬುಸ್ ಅಂತ ಗಾಳಿ, ನೊರೆ, ನಡುವೆ ಒಂದೆರಡು ಹನಿ ಬಂದರೆ ತಕರಾರು ಪಂಪಿನಲ್ಲಿದೆ, ಇಲ್ಲಾ ಪಂಪಿನ ಹಿಂದೆ ಇದೆ.

ಇನ್ನೊಂದು. ನಿಂತಾಗ ಟ್ಯಾಂಕಲ್ಲಿ ಎಷ್ಟು ಪೆಟ್ರೋಲ್ ಇತ್ತು? ಮುಚ್ಚಳ ತೆಗೆದಾಗ ಒಳಕ್ಕೆ ಗಾಳಿ ಎಳೆದ ಶಬ್ದ ಬಂತಾ (ಬಂದರೆ ಟ್ಯಾಂಕಿನ ಗಾಳಿ ದಾರಿ ಕಟ್ಟಿದೆ ಅಂತ)? ಇವೆರಡನ್ನ ತಪ್ಪದೆ ಗಮನಿಸಿ.

ಒಂಟಿಕೊಪ್ಪಲ್ ಜಾವಾ:

ಒದ್ದೆ ಬಟ್ಟೆಗೆ ಸ್ಟಾರ್ಟ್ ಆಗುತ್ತೆ ಅಂದ ಮೇಲೆ ಇದು ವೇಪರ್ ಲಾಕೇ. ಆದರೂ ಹೊಸ ಕಂಡೆನ್ಸರ್ ಹಾಕಿದೀನಿ ಅಂತ ನೆಮ್ಮದಿಯಾಗಿರಬೇಡಿ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿ ಪಳಗಿದ ಕೈಗಳು ಈ ಊರಲ್ಲಿ ಪಾಯಿಂಟ್ ಗಾಡಿಗಳನ್ನ ಬದುಕಿಸಿಟ್ಟಿವೆ. ಅವರಿಂದ ನಾನು ಕಲಿತ ಪಾಠ, ಓಡ್ತಿರೋ ಹಳೇ ಕಂಡೆನ್ಸರನ್ನ ಎಂದೂ ಬಿಸಾಕಬಾರದು. ಈಗ ಬರೋ ಕೆಲವು ಹೊಸವು ಬಿಸಿಗೆ ಬೇಗ ಕೈಕೊಡುತ್ತವೆ. ಪಾಯಿಂಟ್ ಮುಖ ಸುಟ್ಟು ಕಪ್ಪಾಗ್ತಿದ್ದರೆ ಮೊದಲು ಕಂಡೆನ್ಸರನ್ನೇ ಅನುಮಾನಿಸಿ. ಕಾಯಿಲ್ ಬಿಸಿ ಇದ್ದಾಗಲೇ ಮಲ್ಟಿಮೀಟರ್ ಹಿಡಿದು ಪ್ರೈಮರಿ (ಎರಡು ಸಣ್ಣ ವೈರ್ ತುದಿಗಳ ನಡುವಿನ) ರೆಸಿಸ್ಟೆನ್ಸ್ ಓದಿ. ಬ್ಯಾಲಸ್ಟ್ (ಹೊರಗಿನ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲಿಗೆ 3 ಓಮ್ ಆಸುಪಾಸು ಇರಬೇಕು.

ಸಕ್ಕರೆನಾಡು, ಮಂಡ್ಯ:

ಭಾನುವಾರ ಬೇಕಂತಲೇ ಹೊರಟೆ. ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆ ಹಿಡಿದೆ, ನಿಂತರೆ ಪಕ್ಕಕ್ಕೆ ತಳ್ಳೋಕೆ ಸುಲಭ ಅಂತ. ಕಿರಂಗೂರು ಹತ್ರ ನಿಂತ್ತು. ಕಿಡಿ ದಪ್ಪ, ನೀಲಿ, ಶಬ್ದಾನೂ ಜೋರು. ಕರೆಂಟ್ ಸರಿ ಇದೆ. ಪೈಪ್ ಬಾಟಲಿಗೆ ಬಿಟ್ಟರೆ ಬರೀ ಗುಳ್ಳೆ, ನೊರೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿತ್ತು. ಮುಚ್ಚಳ ತೆಗೆದಾಗ ಏನೂ ಶಬ್ದ ಇಲ್ಲ, ತೆಗೆದಿಟ್ಟರೂ ಬದಲಾವಣೆ ಇಲ್ಲ.

ಅಣ್ಣಾ, ನೀವು ಟ್ಯಾಂಕ್ ಕೇಳಿದ ಮೇಲೆ ಯೋಚನೆ ಮಾಡಿದೆ. ಮದುವೆಗೆ ಅಂತ ಫುಲ್ ಟ್ಯಾಂಕ್ ಮಾಡಿಸಿ ಮಧ್ಯಾಹ್ನದ ಬಿಸಿಲಲ್ಲೇ ಮೈಸೂರಿಗೆ ಹೋಗಿದ್ದಾಗ ಎಲ್ಲೂ ನಿಂತಿರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಳೇಗಾಡಿ, ಕುವೆಂಪುನಗರ:

ಅದೇ ಸುಳಿವು. ಬರೀ ಬಿಸಿಯಿಂದ ಆಗೋ ವೇಪರ್ ಲಾಕ್ ಆಗಿದ್ದರೆ ಆ ಬಿಸಿಲಲ್ಲಿ ಫುಲ್ ಟ್ಯಾಂಕ್ ಇದ್ದರೂ ಕಾಟ ಕೊಡಬೇಕಿತ್ತು. ನಿಮ್ಮ ಗಾಡಿ ಟ್ಯಾಂಕ್ ಇಳಿದಾಗ, ಮೂಗು ಎತ್ತಿಕೊಂಡು ಬೆಟ್ಟ ಹತ್ತುವಾಗ ನಿಲ್ಲುತ್ತೆ. ಎರಡೂ ಕಡೆ ಪಂಪ್ ಪೆಟ್ರೋಲನ್ನ ಹೆಚ್ಚು ಎತ್ತರಕ್ಕೆ ಎಳೀಬೇಕು.

ಪದ್ಮಿನಿಯಲ್ಲಿ ಟ್ಯಾಂಕ್ ಹಿಂದೆ, ಪಂಪ್ ಮುಂದೆ ಎಂಜಿನ್ ಮೇಲೆ, ಕ್ಯಾಮ್‌ಶಾಫ್ಟ್ ಒತ್ತಿ ಓಡಿಸುತ್ತೆ. ಟ್ಯಾಂಕಿಂದ ಪಂಪ್‌ವರೆಗಿನ ದಾರಿಯೆಲ್ಲ ಪಂಪ್ ಹೀರೋ ಕಡೆ. ಅಲ್ಲಿ ಎಲ್ಲಾದರೂ ಸಣ್ಣ ಬಿರುಕಿದ್ದರೆ ಓಡುವಾಗ ಪೆಟ್ರೋಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಬಿರುಕು ಬಿಟ್ಟ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ಅದಕ್ಕೇ ವಾಸನೆ ಇಲ್ಲ, ನೆಲದ ಮೇಲೆ ಕಲೆ ಇಲ್ಲ, ಯಾರ ಕಣ್ಣಿಗೂ ಬೀಳಲ್ಲ.

ಹಾಗಾದರೆ ಒದ್ದೆ ಬಟ್ಟೆಗೆ ಯಾಕೆ ಕೇಳುತ್ತೆ? ಗಾಳಿ ಸೇರಿದಾಗ ಪಂಪಿನ ಎಳೆತಕ್ಕೆ ಬಲ ಇರಲ್ಲ, ಬರೋ ಸ್ವಲ್ಪ ಪೆಟ್ರೋಲ್ ಬಿಸಿ ಪಂಪಿನೊಳಗೆ ತಡವಾಗಿ ಸಾಗುತ್ತೆ, ಅಲ್ಲೇ ಆವಿ ಆಗುತ್ತೆ. ತಣ್ಣಗೆ ಮಾಡಿದರೆ ಆವಿ ಕರಗಿ ಮತ್ತೆ ಓಡುತ್ತೆ. ಜಾವಾ ಅವರು ಹೇಳಿದ ಆವಿ ನಿಜವಾಗಿಯೂ ಇದೆ, ಅದರ ಬೇರು ಮಾತ್ರ ಹಿಂದಿನ ಪೈಪಲ್ಲಿರಬಹುದು. ಖಾತ್ರಿ ಮಾಡ್ಕೊಳ್ಳೋಕೆ ದಾರಿ ಇದೆ. ಶೆಡ್ಡಿನ ಹೊರಗೆ ಬಯಲಲ್ಲಿ ನಿಲ್ಲಿಸಿ, ಪಂಪಿನ ಒಳಬರೋ ಬಾಯಿಗೆ ಹೊಸ ಪೈಪ್ ಹಾಕಿ, ಅದರ ಇನ್ನೊಂದು ತುದಿಯನ್ನ ಸೈಲೆನ್ಸರ್ ಪೈಪಿನಿಂದ ದೂರ ನೆಲದ ಮೇಲಿಟ್ಟ ಪೆಟ್ರೋಲ್ ಕ್ಯಾನಿಗೆ ಬಿಡಿ. ಪೂರ್ತಿ ಬಿಸಿ ಆಗೋವರೆಗೆ ನಿಂತಲ್ಲೇ ಓಡಿಸಿ. ನಿಲ್ಲದೆ ಓಡಿದರೆ ಪಂಪ್ ನಿರಪರಾಧಿ. ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗೋ ಹಾಗೆ ಇಟ್ಟುಕೊಂಡೇ ಮಾಡಿ. ಪೆಟ್ರೋಲನ್ನ ಬಾಯಲ್ಲಿ ಎಳೆಯೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಬರುತ್ತೆ.

ಸಕ್ಕರೆನಾಡು, ಮಂಡ್ಯ:

ಕ್ಯಾನಿಂದ ಓಡಿಸಿದೆ, ಒಂದು ಸಲಾನೂ ತಡವರಿಸಲಿಲ್ಲ! ಆಮೇಲೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬ್ಯಾಟರಿ ಕಳಚಿ, ಗಾಡಿ ಕೆಳಗೆ ಮಲಗಿ ಹಿಂದಿನಿಂದ ನೋಡ್ಕೊಂಡು ಬಂದೆ. ಟ್ಯಾಂಕಿಂದ ಕಬ್ಬಿಣದ ಪೈಪಿಗೆ ಸೇರಿಸೋ ಗೇಣುದ್ದದ ರಬ್ಬರ್ ಪೈಪ್ ಮೇಲ್ನೋಟಕ್ಕೆ ಗಟ್ಟಿಯಾಗೇ ಇತ್ತು. ಬಗ್ಗಿಸಿದರೆ ಕ್ಲಿಪ್ ಕಚ್ಚಿದ ಜಾಗದಲ್ಲಿ ಸುತ್ತಲೂ ಕೂದಲೆಳೆ ಬಿರುಕು ಬಾಯಿ ಬಿಟ್ಕೊಂತು. ಉದ್ದಕ್ಕೆ ಸೀಳಿ ಒಳಗೆ ಬೆರಳಾಡಿಸಿದೆ, ಕಪ್ಪು ಅಂಟು ಬೆರಳಿಗೆ ಬಂತು. ಒಳಪದರ ಒಂದು ಕಡೆ ಎದ್ದು ನಾಲಿಗೆ ಥರ ನೇತಾಡ್ತಿತ್ತು. ಪೈಪ್ ಬೇರೆ ತರ್ತೀನಿ. ಎಲೆಕ್ಟ್ರಿಕ್ ಪಂಪ್ ಬೇಡ ತಾನೆ?

ಹಳೇಗಾಡಿ, ಕುವೆಂಪುನಗರ:

ಬೇಡ. ಈಗಿನ ಇಂಜೆಕ್ಷನ್ ಕಾರಿನ ಪಂಪ್ 3 ಬಾರ್ ಆಸುಪಾಸಿನ ಒತ್ತಡ ಕೊಡುತ್ತೆ. ಸೋಲೆಕ್ಸ್‌ಗೆ ಬರೋ ಪೆಟ್ರೋಲನ್ನ ಬಿಟ್ಟು ತಡೆಯೋ ಫ್ಲೋಟ್ ನೀಡಲ್ ಅದರ ಹತ್ತನೇ ಒಂದು ಭಾಗಕ್ಕೆ ಮಾಡಿದ್ದು. ನೀಡಲ್ ತಳ್ಳಿಕೊಂಡು ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಸುರಿಯುತ್ತೆ. ಅಪಘಾತದಲ್ಲಿ ಎಂಜಿನ್ ನಿಂತರೂ ಎಲೆಕ್ಟ್ರಿಕ್ ಪಂಪ್ ತಾನಾಗಿ ನಿಲ್ಲಲ್ಲ, ಅದಕ್ಕೆ ಬೇರೆ ಕಟ್-ಆಫ್ ಬೇಕು. ನಿಮ್ಮ ಮೆಕ್ಯಾನಿಕಲ್ ಪಂಪ್ ಎಂಜಿನ್ ಜೊತೆಗೇ ನಿಲ್ಲುತ್ತೆ. ಅದನ್ನ ಉಳಿಸಿಕೊಳ್ಳಿ.

ಒಳಪದರ ಹೀಗೆ ಅಂಟಾಗೋದಕ್ಕೆ ವಯಸ್ಸಿನ ಜೊತೆ ಪೆಟ್ರೋಲಿನ ಪಾಲೂ ಇದೆ. 2023ರಿಂದ ಹಂತ ಹಂತವಾಗಿ ಇ20 ಬಂತು, ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗೋದು ಅದೇ, ನೂರಕ್ಕೆ 20 ಭಾಗ ಎಥೆನಾಲ್. ಮಂಡ್ಯದವರಿಗೆ ಎಥೆನಾಲ್ ಪರಿಚಯ ಮಾಡಿಕೊಡಬೇಕಿಲ್ಲ, ಕಬ್ಬಿನ ದುಡ್ಡು ಅದರಲ್ಲೂ ಇದೆ, ರೈತರಿಗೆ ಒಳ್ಳೇದಾಗಲಿ. ಆದರೆ 1986ರ ರಬ್ಬರನ್ನ ಅದಕ್ಕಾಗಿ ಮಾಡಿರಲಿಲ್ಲ. ಹಾಗಾಗಿ ಒಂದು ಪೈಪ್ ಬದಲಾಯಿಸಿ ಸುಮ್ಮನಾಗಬೇಡಿ. ಟ್ಯಾಂಕಿಂದ ಕಾರ್ಬುರೇಟರ್‌ವರೆಗಿನ ಪ್ರತಿ ರಬ್ಬರ್ ತುಂಡೂ ಹೋಗಲಿ. ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರೋ ಪೈಪ್ ಕೇಳಿ ತನ್ನಿ, ಒಳಪದರ ಫ್ಲೋರೋ ರಬ್ಬರ್ ಇರುತ್ತೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಡೋ ಬಿಳಿ ಪ್ಲಾಸ್ಟಿಕ್ ಪೈಪ್ ಬೇಡವೇ ಬೇಡ. ಚೂಪು ಅಂಚಿನ ಕ್ಲಿಪ್ ಬಿಟ್ಟು, ಅಂಚು ಮಡಿಸಿದ ಕ್ಲಿಪ್ ಹಾಕಿ.

ಪಂಪಿಗೆ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ, ಎಕ್ಸಾಸ್ಟಿನಿಂದ ದೂರ. ಎಥೆನಾಲ್ ಟ್ಯಾಂಕಿನ ಹಳೇ ಜಿಗುಟನ್ನೆಲ್ಲ ಬಿಡಿಸುತ್ತೆ, ಅದು ಅಲ್ಲೇ ಸಿಕ್ಕಿಕೊಳ್ಳುತ್ತೆ. ಗಾಳಿ ಎಳೀತಿದೆಯಾ ಅಂತ ನೋಡೋಕೂ ಅದೇ ಕಿಟಕಿ. ಎಂಜಿನ್ ರೇಸ್ ಮಾಡಿದಾಗ ಒಳಗೆ ಗುಳ್ಳೆಗಳ ಸಾಲು ಓಡಿದರೆ ಎಲ್ಲೋ ಇನ್ನೂ ಸೋರಿಕೆ ಇದೆ.

ಪಂಪಿನೊಳಗೆ ಪೆಟ್ರೋಲ್ ಎಳೆಯೋ ಪೊರೆ, ಅಂದರೆ ಡಯಾಫ್ರಾಮಿಗೂ ಅದೇ ಗತಿ ಆಗಬಹುದು. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಅಥವಾ ಮಟ್ಟ ತಾನಾಗಿ ಏರಿದ್ದರೆ ಡಯಾಫ್ರಾಮ್ ಹರಿದು ಪೆಟ್ರೋಲ್ ಕೆಳಗಿಳೀತಿದೆ ಅಂತ. ಆಗ ಗಾಡಿ ಒಂದು ಮೈಲಿಯೂ ಓಡಿಸಬೇಡಿ, ಬೇರಿಂಗ್ ಹೋಗುತ್ತೆ.

ಒಂಟಿಕೊಪ್ಪಲ್ ಜಾವಾ:

ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಇನ್ನೊಂದು ಮಾತು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ನೀರು ಹೆಚ್ಚಾದರೆ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ, ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯುತ್ತೆ. ಮಳೆಗಾಲದಲ್ಲಿ ನಿಲ್ಲಿಸೋ ಮುಂಚೆ ಟ್ಯಾಂಕ್ ತುಂಬಿಸಿಡಿ. ಆಗಾಗ ಊರ ಹೊರಗೆ ಒಂದು ಸುತ್ತು ಓಡಿಸಿ, ಬರೀ ಸ್ಟಾರ್ಟ್ ಮಾಡಿ ಆರಿಸಬೇಡಿ.

ಸಕ್ಕರೆನಾಡು, ಮಂಡ್ಯ:

ಎಲ್ಲಾ ಪೈಪ್ ಬದಲಾಯಿಸಿದೆ, ಫಿಲ್ಟರ್ ಹಾಕಿದೆ. ಆಯಿಲ್ ವಾಸನೆ ಇಲ್ಲ, ಆದರೂ ಡಯಾಫ್ರಾಮ್ ಕಿಟ್ ತರಿಸ್ತಿದೀನಿ. ಕಾಲು ಟ್ಯಾಂಕಲ್ಲಿ ಮೈಸೂರಿಗೆ ಹೋಗಿ, ಬೆಟ್ಟ ಹತ್ತಿ, ಸಂಜೆ ವಾಪಸ್ ಬಂದೆ. ಬೆಟ್ಟದ ತಿರುವಲ್ಲೂ ಎಳೆತ ಬಿಡಲಿಲ್ಲ. ಅಪ್ಪ ಪಕ್ಕದಲ್ಲಿದ್ದರು. ತುಂಬಾ ಉಪಕಾರ ಆಯ್ತು ಅಣ್ಣಂದಿರಾ. ಒಂದೇ ಅನುಮಾನ, ಪ್ಲಗ್ ಮೂತಿ ಬಿಳಿಚಿಕೊಂಡಿದೆ.

ಹಳೇಗಾಡಿ, ಕುವೆಂಪುನಗರ:

ಮಿಕ್ಸ್ಚರ್ ತೆಳು ಆಗಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಎಥೆನಾಲ್ ತನ್ನಲ್ಲೇ ಆಮ್ಲಜನಕ ಇಟ್ಟುಕೊಂಡಿರುತ್ತೆ, ಹಳೇ ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ತೂತು) ಬಿಡೋ ಪೆಟ್ರೋಲ್ ಅದಕ್ಕೆ ಸಾಲಲ್ಲ. ಮೊದಲು ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಗಾಳಿ ಎಳೀತಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಉದ್ದ ಓಡಿಸಿ, ಪ್ಲಗ್ ನೋಡಿ. ತಿಳಿ ಕಂದು ಬಂದರೆ ಸಾಕು.

ಪಾಂಡವಪುರ ಅಂಬಿ:

ನಂದು ಅಂಬಾಸಡರ್ 1489 ಸಿಸಿ, ಎಸ್‌ಯು ಕಾರ್ಬುರೇಟರ್. ಪ್ಲಗ್ ಇದೇ ಥರ ಬಿಳಿ. ಇದಕ್ಕೂ ಜೆಟ್ ಹುಡುಕಬೇಕಾ?

ಹಳೇಗಾಡಿ, ಕುವೆಂಪುನಗರ:

ಬೇಕಿಲ್ಲ. ರಬ್ಬರ್ ಪೈಪಿನ ಮಾತು ನಿಮಗೂ ಅನ್ವಯಿಸುತ್ತೆ, ಅದನ್ನ ಮೊದಲು ಮುಗಿಸಿ. ಎಸ್‌ಯುನಲ್ಲಿ ಜೆಟ್ಟನ್ನೇ ಇಳಿಸಬಹುದು. ಅಡಿಯಲ್ಲಿರೋ ನಟ್ಟನ್ನ ಒಂದು ಮುಖದಷ್ಟು (ಆರನೇ ಒಂದು ಸುತ್ತು) ಕೆಳಗೆ ತಿರುಗಿಸಿ. ಎಂಜಿನ್ ಬಿಸಿ ಇದ್ದು ಐಡ್ಲಿಂಗಲ್ಲಿರುವಾಗ ಕಾರ್ಬುರೇಟರಿನ ಪಿಸ್ಟನ್ ಸುಮಾರು 1 ಮಿ.ಮೀ. ಎತ್ತಿ ನೋಡಿ. ಎಂಜಿನ್ ಕುಸಿದು ನಿಲ್ಲೋಕೆ ಹೋದರೆ ಇನ್ನೂ ತೆಳು, ಇನ್ನೊಂದು ಮುಖ ಇಳಿಸಿ. ವೇಗ ಏರಿ ಹಾಗೇ ಉಳಿದರೆ ಅತಿಯಾಯ್ತು, ಹಿಂದಕ್ಕೆ ತಿರುಗಿಸಿ. ಚೂರು ಏರಿ ಮತ್ತೆ ಮೊದಲಿನ ಸ್ಥಿತಿಗೆ ಬಂದರೆ ಅಲ್ಲಿಗೇ ಬಿಡಿ. ಕಾರ್ಬುರೇಟರ್ ತಲೆಯ ಡ್ಯಾಶ್‌ಪಾಟಲ್ಲಿ ಆಯಿಲ್ ಇದೆಯಾ ಅಂತ ಈ ಪರೀಕ್ಷೆಗೆ ಮುಂಚೆಯೇ ನೋಡ್ಕೊಳ್ಳಿ.